ಮರಳವಾಡಿಯಿಂದ ತಂದ ಸೊಪ್ಪು

ನಮ್ಮ ಚಿಕ್ಕಪ್ಪ ದೇಶದ ಹಣಕಾಸು ಮಂತ್ರಿಯಾಗಬೇಕಿತ್ತು. ಆಗಿದ್ದರೆ ದೇಶದ ಗತಿ ಏನಾಗುತ್ತಿತ್ತೋ ಕಾಣೆ, ನನ್ನ ಸೊಂಟವಂತೂ ಉಳಿಯುತ್ತಿತ್ತು!

ಒಂದು ಸಂಜೆ ಟೀವಿ ನೋಡುತ್ತಾ ಕೇಳಿದರು: "ಅಲ್ಲ ಕಣ್ಲಾ, ಸರ್ಕಾರದೋರು ಹೊರದೇಶದಲ್ಲಿ ಬಾಂಡ್ ಬುಟ್ಟು ಸಾಲ ಎತ್ತಾರಂತಲ್ಲ, ಇಲ್ಲಿ ದುಡ್ಡಿಲ್ವಾ?" ಕನಕಪುರದಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಸುಸ್ತಾಗಿ ಬಂದಿದ್ದೆ. ಅವರು ಬೇಗ ಊಟಕ್ಕೇಳಲಿ ಎಂದು ಚುಟುಕಾಗಿ ವಿವರಿಸಿದೆ: ಇಲ್ಲಿರುವ ದುಡ್ಡನ್ನೆಲ್ಲ ಸರ್ಕಾರವೇ ಬಾಚಿಕೊಂಡರೆ ಅಂಗಡಿ, ಕಾರ್ಖಾನೆಯವರಿಗೆ ಸಾಲ ಹುಟ್ಟುವುದಿಲ್ಲ. ಹೊರಗೆ ದುಡ್ಡು ಹೆಚ್ಚು, ಕೆಲವೊಮ್ಮೆ ಬಡ್ಡಿಯೂ ಕಡಿಮೆ. ಆದರೆ ಡಾಲರಿನಲ್ಲಿ ತಂದದ್ದನ್ನು ಡಾಲರಿನಲ್ಲೇ ತೀರಿಸಬೇಕು, ರೂಪಾಯಿ ಬಿದ್ದರೆ ಭಾರ ನಮ್ಮ ತಲೆಗೇ.

"ಸರಿ ಬುಡು, ತಿಳೀತು" ಎಂದರು. ಅಯ್ಯೋ, ತಿಳಿಯದಿದ್ದರೇ ಚೆನ್ನಾಗಿತ್ತು!

ಮಾರನೆಯ ದಿನ ಹೆಂಚು ಸರಿಮಾಡಲು ಏಣಿ ಬೇಕಾಯಿತು. ಪಕ್ಕದ ಮನೆ ನಿಂಗಮ್ಮಕ್ಕನ ಏಣಿ ನಮ್ಮ ಗೋಡೆಗೇ ಒರಗಿ ನಿಂತಿತ್ತು. ಇವರು ಅದನ್ನು ಬಿಟ್ಟು ನನ್ನ ಸ್ಕೂಟರಿನ ಹಿಂದೆ ಕೂತು ದೂರದ ಉಯ್ಯಂಬಳ್ಳಿಯಿಂದ ಏಣಿ ತಂದರು! ದಾರಿಯುದ್ದಕ್ಕೂ ಬಸ್ಸಿನವರು ನಮ್ಮ ವಂಶವನ್ನೆಲ್ಲ ನೆನೆದರು. "ಹೊರಗಿನ ಸಾಲ ಅಂದ್ರೆ ಒಸಿ ಕಷ್ಟ ಇರ್ತದೆ" ಎಂದು ಚಿಕ್ಕಪ್ಪ ನನಗೇ ಸಮಾಧಾನ ಹೇಳಿದರು. ಹಾಲಿಗೆ ಹೆಪ್ಪು ಹಾಕಲು ಮಜ್ಜಿಗೆ ಬೇಕಾದಾಗಲೂ ಇದೇ ಕಥೆ. ಅದು ಮನೆ ಸೇರುವಷ್ಟರಲ್ಲಿ ಅರ್ಧ ನನ್ನ ಪ್ಯಾಂಟಿನ ಮೇಲಿತ್ತು.

ಕಳೆದ ತಿಂಗಳು ಮಾತ್ರ ನನ್ನ ತಾಳ್ಮೆ ಕೆಟ್ಟಿತು. ಚಿಕ್ಕಪ್ಪನ ರೇಷ್ಮೆಹುಳುಗಳು ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿದ್ದವು, ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಮುಗಿದಿತ್ತು. ಸಂಜೆಯೊಳಗೆ ಸೊಪ್ಪು ಹಾಕದಿದ್ದರೆ ಬೆಳೆಯೆಲ್ಲ ಮಣ್ಣುಪಾಲು. ಬೇಲಿಯಾಚೆ ನಿಂಗಮ್ಮಕ್ಕನ ತೋಟದಲ್ಲಿ ಸೊಪ್ಪು ಹಸಿರಾಗಿ ನಿಂತಿತ್ತು.

"ಅಲ್ಲೇ ಕೇಳಿ ಚಿಕ್ಕಪ್ಪ!"

"ಮರಳವಾಡಿಗೆ ಗಾಡಿ ತೆಗಿ ಕಣ್ಲಾ."

"ಇಲ್ಲಿ ಹುಳ ಸಾಯ್ತಾವೆ, ನಿಮಗೆ ಬಾಂಡಿನ ಚಿಂತೆ!" ಎಂದು ರೇಗಿಬಿಟ್ಟೆ.

ಚಿಕ್ಕಪ್ಪ ದನಿ ತಗ್ಗಿಸಿದರು. "ಅವಳ ಮನೇಲೂ ಹುಳ ಅವೆ ಕಣ್ಲಾ. ಆ ಸೊಪ್ಪು ಅವಕ್ಕೇ ಸಾಲಾಕಿಲ್ಲ. ನಾನು ಕೇಳುದ್ರೆ ಇಲ್ಲ ಅನ್ನಾಕೆ ಅವಳಿಗೆ ಬಾಯಿ ಬರಾಕಿಲ್ಲ, ಕೊಯ್ದು ಕೊಟ್ಬುಡ್ತಾಳೆ. ಆಮೇಲೆ ಅವಳ ಹುಳದ ಗತಿ? ಇಲ್ಲಿರೋದ್ನೆಲ್ಲ ಒಬ್ರೇ ಬಾಚ್ಕೊಂಡ್ರೆ ಮಿಕ್ಕೋರ್ಗೆ ಹುಟ್ಟಾಕಿಲ್ಲ ಅಂತ ನೀನೇ ಅಲ್ವೇನ್ಲಾ ಅವತ್ತು ಹೇಳಿದ್ದು?"

ನಾನು ಸ್ಕೂಟರು ತೆಗೆದೆ.

ಮರಳವಾಡಿಯ ಪರಿಚಯದವರು ಎರಡು ಮೂಟೆ ಸೊಪ್ಪು ಕೊಟ್ಟರು. ಬಿಸಿಲಿಳಿಯುವಷ್ಟರಲ್ಲಿ ಊರು ಸೇರಿದೆವು. ಮನೆ ಹತ್ತಿರ ಬಂದಾಗ ಚಿಕ್ಕಪ್ಪ ನನ್ನ ಭುಜ ತಟ್ಟಿ, "ಇಲ್ಲೇ ಒಸಿ ನಿಲ್ಸು" ಎಂದರು. ಒಂದು ಮೂಟೆಯನ್ನು ಹೊತ್ತೊಯ್ದು ನಿಂಗಮ್ಮಕ್ಕನ ಜಗಲಿಯ ಮೇಲಿಟ್ಟರು. ಅವಳನ್ನು ಕೂಗದೆ, ಸದ್ದಿಲ್ಲದೆ ಬಂದು ಸ್ಕೂಟರಿನ ಮೇಲೆ ಕೂತರು.

ಸೊಂಟ ಮುರಿದುಹೋಗುವಂತಿತ್ತು.

"ಉಳಿದ ಒಂದು ಮೂಟೆ ನಾಳೆಗೆ ಸಾಲಲ್ಲ ಚಿಕ್ಕಪ್ಪ" ಎಂದೆ. "ಬೆಳಗ್ಗೆ ಬೇಗ ಎದ್ದು ಇನ್ನೊಂದು ಸಲ ಹೋಗಿಬರೋಣ."