ಗುಮಾಸ್ತರ ಕಿಟಕಿ

ಎಲ್ಲದಕ್ಕೂ ಕಾರಣ ಒಂದು ಬೊಗಸೆ ಬಿಸಿಲು. ದಾಖಲೆ ಕಚೇರಿಯ ಗುಮಾಸ್ತರು ಕೆಲಸಕ್ಕೆ ಸೇರಿದಂದಿನಿಂದ ನೆಲಮಾಳಿಗೆಯ ಟ್ಯೂಬ್‌ಲೈಟಿನ ಕೆಳಗೆ ಕೂತೂ ಕೂತೂ, ಮೂಲೆಯಲ್ಲಿ ಮರೆತ ಆಲೂಗಡ್ಡೆಯ ಮೊಳಕೆಯಂತೆ ಬಿಳಿಚಿಕೊಂಡಿದ್ದರು. ಈಗ ಮುಚ್ಚಿಹೋದ ನೂಲಿನ ಗಿರಣಿಯನ್ನೇ ದಾಖಲೆಗಳ ಮನೆ ಮಾಡುವ ಮಾತು ಎದ್ದಿತ್ತು. ಅಲ್ಲಿ ಆಳೆತ್ತರದ ಕಿಟಕಿಗಳು. ಒಂದರ ಪಕ್ಕ ಗುಮಾಸ್ತರು ಆಗಲೇ ಕುರ್ಚಿ ತಂದಿಟ್ಟು ಟವಲ್ ಹಾಕಿಬಿಟ್ಟಿದ್ದರು.

ಇವತ್ತು ದೊಡ್ಡ ಸಾಹೇಬರು ಕಟ್ಟಡ ನೋಡಲು ಬರುವವರು. ಅವರು ಮೂಗು ಮುರಿದರೆ ಮತ್ತೆ ನೆಲಮಾಳಿಗೆಯೇ ಗತಿ. ಗಾಜಿನ ಮೇಲೆ ನೋಡಿದರೆ ಗಿರಣಿ ಕಾಲದ ಮಸಿ. ಗುಮಾಸ್ತರು ಬಕೆಟ್ ಹಿಡಿದಿದ್ದೇ ತಡ, ಬೀದಿಯೇ ಒಳಗೆ ಬಂತು.

"ಅದು ಒರೆಸೋ ಕ್ರಮಾನಾ? ಇಲ್ಲಿ ಕೊಡಿ," ಎಂದು ಎದುರಂಗಡಿಯ ಕ್ಷೌರಿಕ ಗಾಜಿಗೆ ಸೋಪಿನ ನೊರೆ ಬಳಿದು ಹಳೆ ಬ್ಲೇಡಿನಲ್ಲಿ ಮಸಿ ಹೆರೆಯತೊಡಗಿದ.

"ನಿಮ್ಮ ಉಪಕಾರ ಮರೆಯೋ ಹಾಗಿಲ್ಲ," ಎಂದರು ಗುಮಾಸ್ತರು. ಅವರ ಕಣ್ಣು ಒದ್ದೆಯಾಗಿತ್ತು, ಅರ್ಧ ನೊರೆ ಬಿದ್ದು.

ಪಕ್ಕದ ಮನೆಯ ಟೈಲರಮ್ಮ ಕಿಟಕಿಗಳ ದಪ್ಪನೆಯ ಕಪ್ಪು ಪರದೆಗಳನ್ನು ಕಂಡು ಮುಖ ಸಿಂಡರಿಸಿದರು. "ಈ ಚಿಂದಿ ನೋಡಿದ್ರೆ ಸಾಹೇಬ್ರು ಬಾಗಿಲಿಂದಲೇ ವಾಪಸ್," ಎಂದು ಎಳೆದರು. ಪರದೆ, ಸರಳು, ಅದರ ಮೇಲಿನ ಪಾರಿವಾಳದ ಗೂಡು ಸಮೇತ ಗುಮಾಸ್ತರ ತಲೆಯ ಮೇಲೆ ಇಳಿಯಿತು. ಕಸ ಕೊಡವಿಕೊಂಡು ಅವರು ಮತ್ತೆ ಅದೇ ಮಾತು ಹೇಳಿದರು.

ಹೆಂಡತಿಯ ಅಣ್ಣ, ಗಾರೆ ಕೆಲಸದವರು, ಕರೆಯದೇ ಏಣಿ ಹೊತ್ತು ತಂದರು. "ಮೇಲಿನ ಗಾಜು ಬಿಟ್ರೆ ಹೇಗೆ ಭಾವ?" ಅವರೂ ಉಜ್ಜಿದರು.

ಬಿಸಿಲು ಹೊಳೆಯಂತೆ ಒಳನುಗ್ಗಿತು. ಗುಮಾಸ್ತರು ಕುರ್ಚಿಯಲ್ಲಿ ಕೂತು ಮುಖವೊಡ್ಡಿದರು. ಇಂಥವರ ನಡುವೆ ಬದುಕಲು ತಾನೇನು ಪುಣ್ಯ ಮಾಡಿದ್ದೆನೋ ಎನ್ನಿಸಿತು.

ಸಾಹೇಬರು ಬಂದರು. ಗೋಡೆ ತಟ್ಟಿದರು, ನೆಲ ಒದ್ದರು. "ಭದ್ರವಾಗಿದೆ. ಒಪ್ಪಿಗೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಸಾಹೇಬರು ಕಣ್ಣಿಗೆ ಕೈ ಅಡ್ಡ ಹಿಡಿದರು.

"ಇಷ್ಟೊಂದು ಬಿಸಿಲಾ? ಹಳೇ ಕಾಗದಾನ ತಿಂದುಹಾಕುತ್ತೆ. ಕಿಟಕಿಗೆಲ್ಲ ಇಟ್ಟಿಗೆ ಕಟ್ಟಿಸಿಬಿಡಿ."

"ಎಲ್ಲಾದಕ್ಕೂನಾ ಸಾರ್?"

"ಎಲ್ಲಾದಕ್ಕೂ. ಗಾಜಿಗೆ ಒಳ್ಳೆ ಮಸಿ ಇದೆ, ಕಪ್ಪು ಪರದೆ ಇದೆ, ಕಿಟಕಿ ಹಾಗೇ ಇರಲಿ ಅಂತ ಇಂಜಿನಿಯರ್ ಹೇಳಿದ್ರು. ನಾನೂ ಹೂಂ ಅಂದಿದ್ದೆ. ನಿಮಗೆ ಬೆಳಕು ಬೇಕಾದಾಗ ಪರದೆ ಚೂರು ಸರಿಸ್ಕೊಂಡ್ರೆ ಸಾಕಿತ್ತು. ಅವೆಲ್ಲ ಎಲ್ಲಿ ಹೋದವೋ."

ಕ್ಷೌರಿಕ ಬ್ಲೇಡನ್ನು ಜೇಬಿಗಿಳಿಸಿದ. ಟೈಲರಮ್ಮ ಪರದೆಯ ಗಂಟನ್ನು ಸೊಂಟಕ್ಕೇರಿಸಿ ಮೆಲ್ಲಗೆ ಜಾರಿಕೊಂಡರು. ಹೆಂಡತಿಯ ಅಣ್ಣ ಮಾತ್ರ ಹತ್ತಿರ ಬಂದು ಗುಮಾಸ್ತರ ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡಿ. ಬೇರೆ ಗಾರೆಯವರನ್ನ ಹುಡುಕೋ ತಾಪತ್ರಯ ನಿಮಗ್ಯಾಕೆ? ನಾಳೆ ಬೆಳಿಗ್ಗೇನೇ ನಾನು ಬರ್ತೀನಿ. ಮೊದಲು ನಿಮ್ಮ ಕಿಟಕೀನೇ ಮುಚ್ಚಿಕೊಡ್ತೀನಿ. ಮನೆಯವರಲ್ವಾ ನೀವು."

ಬೆಳಗಿನಿಂದ ಅದೇ ಮಾತಾಡಿ ರೂಢಿಯಾಗಿದ್ದ ನಾಲಿಗೆ ಗುಮಾಸ್ತರ ಅಪ್ಪಣೆಗೆ ಕಾಯಲಿಲ್ಲ.

"ನಿಮ್ಮ ಉಪಕಾರ ಮರೆಯೋ ಹಾಗಿಲ್ಲ," ಎಂದಿತು.