ಬಾಣಂತಿಯ ಕೋಣೆಯಲ್ಲಿ ಕೆಂಡ

ಗೊತ್ತಿಲ್ಲದವರು ನಾಲ್ಕು ಜನರನ್ನು ಕೇಳಿ ಮಾಡುತ್ತಾರೆ. ಎಲ್ಲ ಬಲ್ಲೆ ಎನ್ನುವವರ ಕೈಗೆ ಮಾತ್ರ ಮನೆ ಕೊಡಬಾರದು. ನಾನು ಎರಡನೆಯವರ ಪೈಕಿ. ಧಾರವಾಡದ ನಮ್ಮ ಓಣಿಯಲ್ಲಿ ಯಾವ ಬಾಣಂತಿ ಸೀನಿದರೂ ನನಗೇ ಕರೆ ಬರುತ್ತಿತ್ತು. ಹಾಗಾಗಿ ಮಗಳು ಶೈಲಾ ಹೆತ್ತಾಗ ಬಾಣಂತಿಗೆ ತಿನ್ನಿಸುವ ಅಳವಿ, ಅಂಟಿನ ಉಂಡಿ ಕಟ್ಟಿಕೊಂಡು ಮುಂಬೈ ಕಾಂದಿವಲಿಯ ಅವಳ ಫ್ಲ್ಯಾಟಿಗೆ ಸೇನಾಪತಿಯ ಗತ್ತಿನಲ್ಲಿ ಇಳಿದೆ.

ಬಾಣಂತಿಗೆ ಗಾಳಿ ಬಡಿಯಬಾರದೆಂದು ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೆ ಸೀರೆ ತುರುಕಿದೆ. ಇಸ್ತ್ರಿಯವನಿಂದ ಇದ್ದಿಲು ತರಿಸಿ, ಬಾಲ್ಕನಿಯಲ್ಲಿ ಹೊಗೆ ಪೂರ್ತಿ ಹೋಗುವ ತನಕ ಕಾದು, ನಿಗಿನಿಗಿ ಕೆಂಡವನ್ನು ಮಂಚದ ಕೆಳಗಿಟ್ಟೆ. ಹೊಗೆಯಿಲ್ಲದ ಮೇಲೆ ಭಯವೇನು? ಅಷ್ಟು ಜಾಣೆ ನಾನು! ಊರಿನ ಮನೆಯಲ್ಲಿ ಹಂಚಿನ ಸಂದಿಯಿಂದ ಆಕಾಶ ಕಾಣುತ್ತಿತ್ತು ಎಂಬುದು ಮಾತ್ರ ನೆನಪಾಗಲಿಲ್ಲ.

ಆ ಕೋಣೆಯ ಗೋಡೆಗೆ ಅಳಿಯ ಒಂದು ಬಿಳಿ ಡಬ್ಬಿ ಅಂಟಿಸಿದ್ದ. ಅತ್ತೆಯ ಮೇಲೆ ಕಣ್ಣಿಡುವ ಕ್ಯಾಮೆರಾ ಇರಬೇಕೆಂದು ಬಂದ ದಿನವೇ ಕೇಳಿದ್ದೆ. ಮುಂಬೈಯಲ್ಲೇ ಹುಟ್ಟಿ ಬೆಳೆದ ಹುಡುಗ. "ಕ್ಯಾಮೆರಾ ನಹೀ ಅತ್ತೆ, ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದೆ ನಾ? ವಾಸನೆ ಇಲ್ಲದ ವಿಷದ ಗ್ಯಾಸ್ ಬಂದ್ರೆ ಇದು ಕೂಗ್ತದೆ," ಎಂದಿದ್ದ.

ಆ ಮಧ್ಯಾಹ್ನ ಅದು ಕೂಗಿತು. ಕೂಸು ಆಗಷ್ಟೇ ಕಣ್ಣು ಮುಚ್ಚಿತ್ತು. ಗೀಸರ್ ಆರಿಸಿಯಾಗಿದೆ, ಇದಕ್ಕೇನು ಧಾಡಿ ಎಂದು ಕಿತ್ತು, ಚಾದರದಲ್ಲಿ ಸುತ್ತಿ, ಅಡುಗೆಮನೆಯ ಅಕ್ಕಿ ಡಬ್ಬಿಯೊಳಗೆ ತುರುಕಿ ಬಂದೆ.

"ಅವ್ವಾ, ತಲಿ ಭಾಳ ನೋಯಾಕತ್ತೇತಿ. ಒಂದೀಟು ಕಿಟಕಿ ತಗಿ," ಎಂದಳು ಶೈಲಾ.

"ಕಿಟಕಿ ತಗದ್ರ ಮುಗೀತು! ಮುದುಕಿ ಆದಾಗ ಸೊಂಟ ಹಿಡಕೊಂಡು ನನ್ನ ನೆನಸ್ತಿ. ಸುಮ್ನ ಮಕ್ಕೋ."

ಅವಳು ಮಲಗಲಿಲ್ಲ. ಎದ್ದು ನಿಂತವಳೇ ವಾಂತಿ ಮಾಡಿಕೊಂಡು ಕುಸಿದಳು. ಆಗಷ್ಟೇ ಹೊರಗಿನಿಂದ ಮನೆಗೆ ಬಂದಿದ್ದ ಅಳಿಯ ಸದ್ದಿಗೆ ಓಡಿ ಬಂದು ಕಿಟಕಿ ತೆರೆದು, ಕೂಸನ್ನೂ ಅವಳನ್ನೂ ಹೊರಗೆ ಎತ್ತಿಕೊಂಡು ಹೋದ. ಆಗಲೂ ನಾನು, "ದೃಷ್ಟಿ ಆಗೇತಿ, ಉಪ್ಪು ತರ್ತೀನಿ," ಎನ್ನುತ್ತಿದ್ದೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ತಾಯಿ, ಮಗು ಇಬ್ಬರೂ ಉಳಿದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟವರು ಯಾರು ಎಂದು ಡಾಕ್ಟರು ಹಿಂದಿಯಲ್ಲಿ ಗುಡುಗಿದರು. ಶೈಲಾ ಮೂಗಿನ ಮಾಸ್ಕ್ ಸರಿಸಿ, ತಾನೇ ಹಠ ಮಾಡಿ ಇಡಿಸಿದ್ದು, ಅವ್ವ ಬೇಡವೆಂದರೂ ಕೇಳಲಿಲ್ಲ ಎಂದಳು. ನನಗೆ ಅಷ್ಟು ಹಿಂದಿ ತಿಳಿಯುತ್ತದೆ.

ಡಾಕ್ಟರು ಅವಳನ್ನು ಬಾಯಿಗೆ ಬಂದಂತೆ ಬೈದರು. ಬಾಯಿಬಡಕಿ ಎಂದೇ ಹೆಸರಾದ ನಾನು ಪಕ್ಕದಲ್ಲಿ ನಿಂತು, ಹೌದೌದು ಎಂದು ತಲೆಯಾಡಿಸಿದೆ.