ಕಾವಲಿ ವಾಪಸು ಕೇಳಿದ್ದು

ಸಾಯುತ್ತೇನೆಂದು ಊರಿಗೆಲ್ಲ ಹೇಳಿ ಬದುಕಿ ಉಳಿದವರಿಗೆ ಫಜೀತಿಗಳು ತಪ್ಪುವುದಿಲ್ಲ. ನನ್ನದಂತೂ ಐದು ವರ್ಷದಿಂದ ಇದೇ ಕಥೆ.

ಡಾಕ್ಟರ ಅಪ್ಪಣೆ

ಸ್ತನದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿದೆ ಎಂದು ತಿಳಿದ ವಾರವೇ ನಾನು ಡೊಂಬಿವಲಿಯ ಮನೆಯಲ್ಲಿ ಕುಳಿತು ದಾನಶೂರಳಾಗಿಬಿಟ್ಟೆ. ರೇಷ್ಮೆ ಸೀರೆ ನಾದಿನಿಗೆ, ಅತ್ತೆಯ ಕಾಲದ ಬೀಡುಕಬ್ಬಿಣದ ದೋಸೆ ಕಾವಲಿ ನೆರೂಳದ ಗೆಳತಿಗೆ. "ನನ್ನ ನೆನಪಿಗೆ ಇಟ್ಕೋ" ಎಂದೆ. ನಾನೂ ಗೆಳತಿಯೂ ಅತ್ತೆವು. ಆಮೇಲೆ ನೋಡಿದರೆ ಮಾತ್ರೆ ಹಿಡಿಯಿತು. ಕಾಯಿಲೆಯೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ನಾನ್‌ಸ್ಟಿಕ್ ತವಾದ ದೋಸೆ ತಿಂದು ಬೇಸತ್ತು, ಈ ಸಲದ ತಪಾಸಣೆಯಲ್ಲಿ ಡಾಕ್ಟರನ್ನು ಕೇಳಿಯೇಬಿಟ್ಟೆ.

"ಇನ್ನೆಷ್ಟು ದಿನ ಇರ್ತೇನೆ?"

"ಅದನ್ನು ಹೇಳೋಕಾಗಲ್ಲ. ಯಾಕೆ, ಏನಾದ್ರೂ ಕಾರ್ಯಕ್ರಮ ಇದೆಯಾ?"

"ಕೊಟ್ಟ ಕಾವಲಿ ವಾಪಸ್ ಕೇಳ್ಬೇಕು. ತಂದ ಮರುವಾರವೇ ಹೋದ್ರೆ ಮರ್ಯಾದೆ ಪ್ರಶ್ನೆ."

ಅವರು ಸ್ಕ್ಯಾನನ್ನು ಇನ್ನೊಮ್ಮೆ ನೋಡಿದರು. "ಧಾರಾಳವಾಗಿ ತನ್ನಿ. ಎಣ್ಣೆ ಮಾತ್ರ ಕಡಿಮೆ ಹಾಕಿ."

ಅಜ್ಜರ ಸೀಟು

ನೆರೂಳಕ್ಕೆ ಹೊರಟವಳು ಲೋಕಲ್ ರೈಲಿನಲ್ಲಿ ಅಂಗವಿಕಲರಿಗೂ ಕ್ಯಾನ್ಸರ್ ರೋಗಿಗಳಿಗೂ ಮೀಸಲಾದ ಡಬ್ಬಿ ಹತ್ತಿದೆ. ಔಷಧಿಯಿಂದ ಊದಿದ ನನ್ನ ಗುಂಡು ಕೆನ್ನೆ ಕಂಡು ಊರುಗೋಲಿನ ಅಜ್ಜರೊಬ್ಬರು ಇದು ರೋಗಿಗಳ ಡಬ್ಬಿ ಎಂದು ತಡೆದರು.

"ಬಾಯಿ, ಯೇ ಡಬ್ಬಾ ಬೀಮಾರೋಂ ಕಾ ಹೈ."

ಆಸ್ಪತ್ರೆಯ ಕಾರ್ಡು ತೋರಿಸಿದೆ. ಓದಿದವರೇ ಗಾಬರಿಯಿಂದ ಎದ್ದು ಸೀಟು ಬಿಟ್ಟು, ಎಷ್ಟು ಕಾಲದಿಂದ ಎಂದು ಕೇಳಿದರು. "ಕಬ್ ಸೇ?"

"ಪಾಂಚ್ ಸಾಲ್."

ಅಜ್ಜರು ತಮ್ಮ ಸೀಟಿನಲ್ಲಿ ಮತ್ತೆ ಕುಳಿತರು. ಐದು ವರ್ಷ ತಡೆದವಳು ಥಾಣೆ ಸ್ಟೇಷನ್ನಿನವರೆಗೆ ನಿಲ್ಲಲಾರಳೇ ಎಂದು ಪಕ್ಕದವರನ್ನು ಕೇಳಿದರು.

ನೆನಪಿಗೆ ಕೊಟ್ಟದ್ದು

ಗೆಳತಿ ನೀರುದೋಸೆ ಎರೆಯುತ್ತಿದ್ದಳು, ನನ್ನ ಕಾವಲಿಯಲ್ಲೇ. ನಾಲ್ಕು ತಿಂದರೂ ಕಾವಲಿ ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದರೆ ಇನ್ನೂ ಬಹಳ ಕಾಲ ಬದುಕುತ್ತೇನೆಂದು ಒಪ್ಪಿಕೊಂಡ ಹಾಗೆ. ಅಷ್ಟು ಆಸೆಪಡಲು ಹೆದರಿಕೆ, ಸುಳ್ಳು ಯಾಕೆ ಹೇಳಲಿ. ಕೊನೆಗೆ ಧೈರ್ಯ ಮಾಡಿದೆ.

"ಮಾರಾಯ್ತಿ, ಕಾವಲಿ ವಾಪಸ್ ಬೇಕಿತ್ತು."

ಅವಳು ಸೌಟು ಹಿಡಿದು ತಿರುಗಿದಳು. "ಕೊಂಡುಹೋಗು! ನೆನಪಿಗೆ ಅಂತ ಕೊಟ್ಟು ತಿಂಗಳಿಗೆ ಎರಡು ಸಲ ನೀನೇ ಬಂದು ಕೂತ್ರೆ, ನಾನು ನೆನಪು ಮಾಡುದು ಯಾವಾಗ?"

ಬೈಯುತ್ತಲೇ ಕಾವಲಿ ತಣಿಸಿ ಪೇಪರಿನಲ್ಲಿ ಸುತ್ತಿದಳು. ಅವಳ ಕಣ್ಣು ತುಂಬಿತ್ತು, ನನ್ನದೂ.

"ನೀನು ಹೋದ ಮೇಲೆ ಇದು ನಂಗೇ, ಗೊತ್ತಾಯ್ತಲ್ಲ?"

"ಮೊದಲು ನಾನೇ ಹೋಗುದು ಅಂತ ಯಾರು ಹೇಳಿದ್ದು?"

ಅವಳು ಸ್ವಲ್ಪ ಯೋಚಿಸಿದಳು. "ಹೌದಲ್ವಾ! ಹಾಗಾದ್ರೆ ನನ್ನ ಗ್ರೈಂಡರ್ ನಿಂಗೆ. ಆದ್ರೆ ಈಗ್ಲೇ ಕೊಡುದಿಲ್ಲ, ನಿನ್ನ ಹಾಗೆ ವಾಪಸ್ ಕೇಳ್ಲಿಕ್ಕೆ ನಂಗೆ ನಾಚಿಕೆ ಆಗ್ತದೆ."